ಎಣ್ಣೆ ಯಾರ ಮೈಗೆ

ಆವತ್ತು ಬೆಳಿಗ್ಗೆಯೂ ಎಂದಿನ ಹಾಗೆ ಮನೆಯಲ್ಲಿ ಮೊದಲು ಎದ್ದವಳು ನಾನೇ. ಹಾಲಿನ ಪಾಕೀಟು ತೊಳೆದು ಪಾತ್ರೆಗೆ ಸುರಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಜೋಗುಪಾಳ್ಯದ ನಮ್ಮ ಗಲ್ಲಿ ಎಷ್ಟು ಇಕ್ಕಟ್ಟೆಂದರೆ ನಾನು ಎರಚಿದ ನೀರು ಎದುರು ಮನೆಯ ಮೆಟ್ಟಿಲನ್ನೂ ನೆನೆಸುತ್ತಿತ್ತು. ಎದುರು ಮನೆಯಾಕೆ ಅಷ್ಟು ಹೊತ್ತಿಗೆ ಹಲ್ಲುಜ್ಜುತ್ತ ಹೊರಗೆ ನಿಂತಿರುತ್ತಿದ್ದರು. “ನಮ್ಮ ಬಾಗಿಲಿಗೂ ನೀವೇ ಹಾಕ್ಬಿಟ್ರಲ್ಲಮ್ಮ, ನಂಗೊಂದು ಕೆಲಸ ತಪ್ತು” ಎಂದು ನೊರೆ ತುಂಬಿದ ಬಾಯಲ್ಲೇ ಹೇಳುವುದು ಅವರ ದಿನದ ಮೊದಲ ಮಾತು. ನಾನು ನಕ್ಕು ಒಳಗೆ ಬರುತ್ತಿದ್ದೆ. ಆಮೇಲೆ ಗಂಡನಿಗೆ ಕಾಫಿ, ಮಗಳಿಗೆ ಎರಡು ಜಡೆ, ಇಬ್ಬರಿಗೂ ಡಬ್ಬಿ.

ಆ ದಿನ ಒಂದು ಕೆಲಸ ಮಾತ್ರ ಹೆಚ್ಚಿಗೆ ಇತ್ತು. ಹಿಂದಿನ ದಿನ ಅತ್ತೆ ಅಕ್ಕಿ ಆರಿಸುತ್ತ ತಲೆ ಎತ್ತದೆ ಹೇಳಿದ್ದರು: “ನಾಳೆ ಹಂಡೆ ತುಂಬ ನೀರು ಕಾಯ್ಸು. ಎಳ್ಳೆಣ್ಣೆ, ಹರಳೆಣ್ಣೆ ಬೆರೆಸಿ ಬೆಳ್ಳುಳ್ಳಿ, ಓಮ ಹಾಕಿ ಬಿಸಿ ಮಾಡಿಡು. ಆಯಾ ಬರ್ತಾಳೆ.”

ಆಯಾ ಎಂದರೆ ಬಾಣಂತಿಯರಿಗೆ ಮೈಯುಜ್ಜಿ ನೀರು ಹಾಕುವ ಹೆಂಗಸು. ನನ್ನ ಓರಗಿತ್ತಿಗೆ ಏಳು ತಿಂಗಳಾಗಿದ್ದಾಗಲೇ ಅತ್ತೆ ಈ ಆಯಾಳಿಗೆ ತಾಂಬೂಲ ಕೊಟ್ಟು ಹೇಳಿಟ್ಟಿದ್ದರು. ಓರಗಿತ್ತಿಗೆ ತಾಯಿ ಇರಲಿಲ್ಲ. ತಂದೆ ರಾಮಮೂರ್ತಿ ನಗರದಲ್ಲಿ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಹಾಗಾಗಿ ತವರಿನವರು ಮಾಡಬೇಕಾದ ಬಾಣಂತನ ನಮ್ಮ ಮನೆಯಲ್ಲೇ ಎಂದು ತೀರ್ಮಾನವಾಗಿತ್ತು. “ಒಂದು ಕಾಲಕ್ಕೆ ಹಲಸೂರಿನ ತನಕ ನಮ್ಮದೇ ಹೊಲ. ನಮ್ಮನೇಲಿ ಒಂದು ಬಾಣಂತಿಗೆ ಅನ್ನ ಇಲ್ವಾ?” ಎಂದು ಅತ್ತೆ ನಾಲ್ಕು ಜನರ ಮುಂದೆ ಹೇಳಿಕೊಂಡಿದ್ದರು. ನಡುಮನೆಯ ಪಕ್ಕದ ಕೋಣೆಯಲ್ಲಿ ಮಂಚ ಹಾಕಿಸಿ, ಕಿಟಕಿಗೆ ದಪ್ಪ ಪರದೆ ಕಟ್ಟಿಸಿ, ಸಾಂಬ್ರಾಣಿ ಹೊಗೆಗೆ ಹೊಸ ಬುಟ್ಟಿ ತರಿಸಿದ್ದರು.

ಮಗು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಹುಟ್ಟುವ ಹೊತ್ತಿಗೇ ಅದರಲ್ಲಿ ಉಸಿರಿರಲಿಲ್ಲ. ಡಿಸ್ಚಾರ್ಜ್ ಮಾಡಿಸಿ ಕರೆತಂದ ದಿನ ಓರಗಿತ್ತಿ ತನಗೆಂದೇ ಅಣಿಮಾಡಿದ್ದ ಆ ಮಂಚದ ಕೋಣೆಯ ಕಡೆಗೆ ಹೆಜ್ಜೆ ಹಾಕಿದಳು. ಅತ್ತೆ ಬಾಗಿಲಿಗೆ ಅಡ್ಡ ನಿಂತು, “ಅದು ಬಾಣಂತಿ ಕೋಣೆ. ನೀನು ಅಡುಗೆಮನೆ ಪಕ್ಕ ಮಲ್ಕೊ” ಎಂದರು. ಅಂದಿನಿಂದ ಅವಳು ಅಕ್ಕಿ ಮೂಟೆಗಳಿದ್ದ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗುತ್ತಿದ್ದಳು. ಡಾಕ್ಟರು ತಿಂಗಳು ಪೂರ್ತಿ ವಿಶ್ರಾಂತಿ ಎಂದಿದ್ದರು. ಆದರೆ ಅತ್ತೆಯ ಲೆಕ್ಕದಲ್ಲಿ ವಿಶ್ರಾಂತಿ ಎಂಬುದು ಮಗುವಿಗೆ ಸೇರಿದ್ದು, ತಾಯಿಗಲ್ಲ. ಸೂತಕ ಕಳೆಯುವ ತನಕ ಅವಳ ಕೈಯಿಂದ ಏನನ್ನೂ ಮುಟ್ಟಿಸುವ ಹಾಗಿರಲಿಲ್ಲ ಎಂದಷ್ಟೇ ಬಿಟ್ಟಿದ್ದರು. ಹಿಂದಿನ ದಿನ ಸೂತಕ ಕಳೆದಿತ್ತು. ಇನ್ನು ಅವಳನ್ನು ಹೆತ್ತವಳೆಂದು ಎಣಿಸುತ್ತಾರೋ, ಸುಮ್ಮನೆ ಸೊಸೆಯೆಂದು ಎಬ್ಬಿಸುತ್ತಾರೋ ಎಂಬುದೇ ನನ್ನ ತಲೆ ತಿನ್ನುತ್ತಿತ್ತು.

ಹಾಗಿರುವಾಗ ಅತ್ತೆಯೇ ಆಯಾ ಬರುತ್ತಾಳೆ ಎಂದಾಗ ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅತ್ತೆ ಕರಗಿದ್ದಾರೆ ಎಂದುಕೊಂಡೆ. ನಾನು ಓದಿದ ಕಂಟೋನ್ಮೆಂಟಿನ ಶಾಲೆಯಲ್ಲಿ ಸಿಸ್ಟರುಗಳು ಯಾರ ಬಗ್ಗೆಯೂ ಕೆಟ್ಟದ್ದು ಯೋಚಿಸಬಾರದು ಎಂದು ದಿನಾ ಹೇಳಿಸುತ್ತಿದ್ದರು. ಅದು ಒಂದು ಮಟ್ಟಕ್ಕೆ ಮೈಗೆ ಹತ್ತಿತ್ತು.

ಚಳಿಗಾಲ. ಹಿತ್ತಲಿನ ಬಚ್ಚಲುಮನೆಯಲ್ಲಿ ಹಂಡೆಯ ಒಲೆಗೆ ಕರಟ ತುರುಕಿ ಬೆಂಕಿ ಹಚ್ಚಿದೆ. ಎಣ್ಣೆಯನ್ನು ಹಿತ್ತಾಳೆ ಬಟ್ಟಲಲ್ಲಿ ಕಾಯಿಸಿದೆ. ಬೆಳ್ಳುಳ್ಳಿ ಕೆಂಪಾಗುವ ವಾಸನೆ ಪಡಸಾಲೆಯ ತನಕ ಹೋಯಿತು. ಅಲ್ಲಿ ಓರಗಿತ್ತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

“ಏಳಮ್ಮ, ಆಯಾ ಬರ್ತಾರಂತೆ ಇವತ್ತು.”

“ನಂಗಾ?”

“ಇನ್ಯಾರಿಗೆ?”

ಅವಳು ಗೋಡೆಯಿಂದ ಇತ್ತ ತಿರುಗಿದಳು. “ಅತ್ತೇನೇ ಹೇಳಿದ್ರಾ ಅಕ್ಕ?”

“ಅವರೇ ಹೇಳಿದ್ದು.”

ಒಂದು ಕೈಯಲ್ಲಿ ಕಿಬ್ಬೊಟ್ಟೆ ಹಿಡಿದುಕೊಂಡು, ಇನ್ನೊಂದನ್ನು ಅಕ್ಕಿ ಮೂಟೆಗೆ ಊರಿ ಎದ್ದಳು. ಹೊಲಿಗೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಹಳೆಯ ವಾಯಿಲ್ ಸೀರೆ ಉಟ್ಟಳು. ಆಸ್ಪತ್ರೆಯಿಂದ ಬಂದಾಗಿನಿಂದ ಬಾಚದ ಕೂದಲು ಗಂಟುಗಂಟಾಗಿತ್ತು, ನಾನು ಬಿಡಿಸಿಕೊಟ್ಟೆ. ಅವಳ ಬಲಗೈ ಮಣಿಕಟ್ಟಿನ ಮೇಲೆ ಡ್ರಿಪ್ ಚುಚ್ಚಿದ್ದ ಜಾಗ ನೇರಳೆಯಿಂದ ಹಳದಿಗೆ ತಿರುಗುತ್ತಿತ್ತು. ಬಚ್ಚಲುಮನೆಯಲ್ಲಿ ಮಣೆ ಹಾಕಿ ಕೂರಿಸಿದೆ. ಬೆಂಕಿಯ ಕಾವು ಅವಳ ಮುಖಕ್ಕೆ ತಾಗುತ್ತಿತ್ತು. “ಬೆಚ್ಚಗಿದೆ” ಎಂದಳು. ಮನೆಗೆ ಬಂದ ಮೇಲೆ ತಾನಾಗಿ ಆಡಿದ ಮೊದಲ ಮಾತು ಅದು ಎಂದು ತೋರುತ್ತದೆ.

ಆಯಾ ಹಿತ್ತಲ ಬಾಗಿಲಿನಿಂದ ಬಂದಳು. ಕುಳ್ಳು ಹೆಂಗಸು. ಮೈಗೆ ಹೊಂದದಷ್ಟು ಅಗಲವಾದ ಅಂಗೈ, ಬೇರಿನ ತನಕ ಕತ್ತರಿಸಿದ ಉಗುರು. ಹಲಸೂರು ಕೆರೆಯ ಆ ಬದಿಯವಳು, ತಮಿಳು ಬೆರೆಸಿ ಕನ್ನಡ ಆಡುತ್ತಿದ್ದಳು. ಬಳೆಗಳನ್ನು ಕಳಚಿ ಸೊಂಟಕ್ಕೆ ಸಿಕ್ಕಿಸುತ್ತ ಬಚ್ಚಲೊಳಗೆ ಕಾಲಿಟ್ಟವಳು ಓರಗಿತ್ತಿಯನ್ನು ಕಂಡು ನಿಂತುಬಿಟ್ಟಳು. ಸೆರಗನ್ನು ಎಳೆದು, ಎಲ್ಲೂ ತಾಗದ ಹಾಗೆ ಮೈಗೆ ಸುತ್ತಿಕೊಂಡಳು.

ಅವಳ ಹಿಂದೆಯೇ ಅತ್ತೆ ಬಂದರು. ಅವರೂ ಹಳೆಯ ಸೀರೆ ಉಟ್ಟಿದ್ದರು. ತಲೆ ಬಿಚ್ಚಿದ್ದರು. ಕೊರಳಿನ ಸರ ತೆಗೆದಿಟ್ಟಿದ್ದರು. ನಾನು ಅದನ್ನೆಲ್ಲ ಕಂಡೆ, ಆದರೆ ಅರ್ಥ ಮಾಡಿಕೊಳ್ಳುವುದಕ್ಕೆ ಅವರು ಬಾಯಿ ತೆರೆಯಬೇಕಾಯಿತು.

“ಇದೇನೇ, ನೀನ್ಯಾಕೆ ಇಲ್ಲಿ ಕೂತಿದೀಯ?”

“ಎಣ್ಣೆ…” ಎಂದಳು ಓರಗಿತ್ತಿ.

“ಯಾವ ಮಗು ಎತ್ಕೊಂಡು ಬಂದಿದೀಯ ಅಂತ ನಿಂಗೆ ಎಣ್ಣೆ? ಏಳು, ಮಣೆ ಬಿಡು. ನನ್ನ ಮಂಡಿ ನೋವಿಗೆ ಕರೆಸಿರೋದು.”

ಅವಳು ಏಳುವುದಕ್ಕೆ ಹೊತ್ತಾಯಿತು. ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ನಾನು ಕೈ ಕೊಟ್ಟೆ. ಅಷ್ಟು ಹೊತ್ತೂ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಕಾದರು. ಬಸ್ಸಿನಲ್ಲಿ ಸೀಟು ಖಾಲಿಯಾಗಲಿ ಎಂದು ಕಾಯುವವರ ಮುಖದಲ್ಲಿ ಇರುವಷ್ಟೇ ಬೇಸರ ಅವರ ಮುಖದಲ್ಲಿ ಇತ್ತು. ಸಿಟ್ಟೂ ಇರಲಿಲ್ಲ.

“ಅತ್ತೆ, ನಿಮ್ಮದಾದ ಮೇಲೆ ಅವಳಿಗೂ ಕಾಲಿಗೆ, ಬೆನ್ನಿಗೆ ಒಂದು ಸಲ ಉಜ್ಜಿಸಬಹುದಲ್ವಾ?” ಎಂದೆ.

“ನನ್ನ ಯಾಕೆ ಕೇಳ್ತೀಯ? ಉಜ್ಜೋಳು ಇಲ್ಲೇ ಇದಾಳಲ್ಲ, ಕೇಳು.”

ಆಯಾ ಕೇಳುವ ಮೊದಲೇ ತಲೆಯಾಡಿಸಿದಳು. “ಬೇಡ ಕಣ್ಣಮ್ಮಾ. ನಾಳೆ ಶಿವಾಜಿನಗರದಲ್ಲಿ ಒಂದು ಬಾಣಂತಿ ಇದೆ. ಮೊದಲನೇ ಪಾಪು. ಇವಳನ್ನ ಮುಟ್ಟಿ ಅಲ್ಲಿಗೆ ಹೋದ್ರೆ ನನ್ನ ಒಳಗೆ ಬಿಡ್ತಾರಾ? ನಿನ್ನೆ ಯಾರ ಮನೆ ಅಂತ ಕೇಳೇ ಕೇಳ್ತಾರೆ.”

“ಹೇಳ್ಬೇಡಿ.”

“ಬಾಯಿಗೆ ಹೇಳ್ಬೇಡ ಅನ್ಬಹುದು. ಆ ಪಾಪುಗೆ ಜ್ವರ ಬಂತು ಅಂತ ಇಟ್ಕೊ, ಆಮೇಲೆ ನಂಗೇ ಅನ್ಸುತ್ತಲ್ಲ, ಕೈಯಿಂದ ಬಂತು ಅಂತ.” ಅವಳು ಇದನ್ನು ತಗ್ಗಿದ ದನಿಯಲ್ಲೇನೂ ಹೇಳಲಿಲ್ಲ. ಓರಗಿತ್ತಿ ಬಾಗಿಲಲ್ಲೇ ಇದ್ದಳು.

ಆ ಕಸುಬಿನವರ ಕಟ್ಟುಪಾಡು ಅದು. ಮಗು ಕಳೆದುಕೊಂಡವಳನ್ನು ಮುಟ್ಟಿದ ಕೈಯಿಂದ ಮಗು ಇರುವವಳನ್ನು ಮುಟ್ಟಬಾರದು. ಯಾರು ಮಾಡಿದ್ದೋ ತಿಳಿಯದು. ಹೀಗಾಗಿ ಯಾರಿಗೆ ಬೇರೊಬ್ಬರ ಕೈ ಎಲ್ಲಕ್ಕಿಂತ ಹೆಚ್ಚು ಬೇಕೋ ಅವಳಿಗೇ ಅದು ಇಲ್ಲ.

ಅತ್ತೆ ಮಣೆ ಸರಿಸಿ, ಚಾಪೆ ಹಾಸಿಸಿಕೊಂಡು ಬೋರಲು ಮಲಗಿದರು. ನಾನು ಎಣ್ಣೆ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತೆ. ಆಯಾಳಿಗೆ ಆಗಾಗ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಬೇಕಾಗುತ್ತಿತ್ತು. “ಅವಳೇನು ಬಾಗಿಲಲ್ಲಿ ಬೊಂಬೆ ಥರ? ಹಂಡೆಯಿಂದ ನೀರು ಮೊಗೆದು ಕೊಡಕ್ಕೆ ಹೇಳು” ಎಂದು ಅತ್ತೆ ಚಾಪೆಗೆ ಕೆನ್ನೆ ಒತ್ತಿಕೊಂಡೇ ಹೇಳಿದರು.

“ನಾನು ಕೊಡ್ತೀನಿ ಅತ್ತೆ, ಅವಳು ಭಾರ ಎತ್ತಬಾರದು.”

“ಒಂಬತ್ತು ತಿಂಗಳು ಹೊತ್ತೋಳಿಗೆ ಒಂದು ಚೊಂಬು ನೀರು ಭಾರನಾ? ಅದೂ ಹೊತ್ತು ಏನು ಕೊಟ್ಳು ಅಂತ.”

ಆಯಾ ಕಿಸಕ್ಕನೆ ನಕ್ಕಳು. ಆಮೇಲೆ ನಗಬಾರದಿತ್ತು ಎನಿಸಿತೋ ಏನೋ, ವೀಳ್ಯದೆಲೆ ತುಂಬಿದ ಕೆನ್ನೆಯನ್ನು ಆಚೆ ತಿರುಗಿಸಿದಳು. ಓರಗಿತ್ತಿ ಚೊಂಬಿನಲ್ಲಿ ನೀರು ಮೊಗೆದು ಮೊಗೆದು ತಂದಿಟ್ಟಳು. ಬಗ್ಗುವಾಗ ಒಮ್ಮೆ, ಏಳುವಾಗ ಒಮ್ಮೆ ಉಸಿರು ಹಿಡಿಯುತ್ತಿದ್ದಳು.

ಆಯಾಳ ಕೆಲಸ ಮಾತ್ರ ನೋಡುವಂತಿತ್ತು. ಅಂಗಾಲಿನಿಂದ ಶುರು. ಎರಡು ಹೆಬ್ಬೆರಳನ್ನೂ ಅಂಗಾಲಿನ ಕುಳಿಗೆ ಒತ್ತಿ ಹಿಮ್ಮಡಿಯ ತನಕ ಎಳೆಯುವುದು. ಕಾಲ್ಬೆರಳು ಒಂದೊಂದನ್ನೂ ತಿರುವಿ ನೆಟಿಗೆ ತೆಗೆಯುವುದು. ಮೀನಖಂಡವನ್ನು ಒದ್ದೆ ಬಟ್ಟೆ ಹಿಂಡುವ ಹಾಗೆ ಎರಡೂ ಕೈಯಲ್ಲಿ ತಿರುಚಿ ಮೇಲಕ್ಕೆ, ಯಾವಾಗಲೂ ಮೇಲಕ್ಕೇ, ತಳ್ಳುವುದು. ಮಂಡಿಯ ಹಿಂದಿನ ಗುಂಡಿಯಲ್ಲಿ ಬಿಸಿ ಬಟ್ಟೆ ಇಟ್ಟು, ಅದು ಆರುವುದರೊಳಗೆ ಚಿಪ್ಪಿನ ಸುತ್ತ ಬೆರಳು ಸುತ್ತಿಸುವುದು. ಅತ್ತೆ ಮೊದಮೊದಲು ನರಳಿದರು. ಆಮೇಲೆ ನರಳಿಕೆ ಗೊಣಗಾಟವಾಯಿತು. ಗೊಣಗಾಟ ಗೊರಕೆಯ ಅಂಚಿಗೆ ಹೋಯಿತು. ವರ್ಷಗಳಿಂದ ನೆಲದ ಮೇಲೆ ಕೂರಲಾರದ ಆ ಕಾಲನ್ನು ಆಯಾ ಸ್ವಲ್ಪ ಸ್ವಲ್ಪವೇ ಮಡಚಿ, ಕೊನೆಗೆ ಹಿಮ್ಮಡಿ ತೊಡೆಗೆ ತಾಗುವ ಹಾಗೆ ಮಾಡಿದಳು. “ನೋಡಮ್ಮಾ, ಬಂತು” ಎಂದಳು. ಅತ್ತೆ ಹುಡುಗಿಯ ಹಾಗೆ ನಕ್ಕರು.

ಅಂಗಮರ್ದನದ ಗುಣಗಳನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ನನ್ನ ಮಗಳು ಹುಟ್ಟಿದಾಗ ಕಾಕ್ಸ್ ಟೌನಿನ ತವರಿನಲ್ಲಿ ಒಬ್ಬ ಮುದುಕಿ ದಿನಾ ಬಂದು ನನ್ನನ್ನು ಉಜ್ಜುತ್ತಿದ್ದಳು. ಹೆರಿಗೆಯಾದ ಹೊಸದರಲ್ಲಿ ನನ್ನ ಮೈ ಎಲ್ಲಿ ಮುಗಿಯುತ್ತದೆ, ಹಾಸಿಗೆ ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ಕಾರಣವಿಲ್ಲದೆ ಅಳು ಬರುತ್ತಿತ್ತು. ಆ ಮುದುಕಿ ನನ್ನ ಕಾಲು, ನನ್ನ ಸೊಂಟ, ನನ್ನ ಭುಜ ಎಂದು ಒಂದೊಂದನ್ನೇ ಒತ್ತಿ ಒತ್ತಿ ಮರಳಿ ಕೊಟ್ಟಳು. ಆಯಾ ಬಂದ ಆ ದಿನ ಕಳೆದು ಎಷ್ಟೋ ವರ್ಷದ ಮೇಲೆ ಇಂದಿರಾನಗರದಲ್ಲಿ ಗಾಜಿನ ಬಾಗಿಲಿನ ಮಸಾಜ್ ಅಂಗಡಿಗಳು ಎದ್ದವು. ಒಂದು ಸಲ ಬಸ್ಸಿಗೆ ಕಾಯುತ್ತ ನಿಂತಾಗ ಅಂಥ ಒಂದು ಅಂಗಡಿಯ ಹೊರಗೆ ದೊಡ್ಡ ಅಕ್ಷರದಲ್ಲಿ ಬರೆದಿದ್ದನ್ನು ಓದಿದೆ: ರಕ್ತ ಚೆನ್ನಾಗಿ ಓಡುತ್ತದೆ, ಕೀಲು ಸಡಿಲಾಗುತ್ತದೆ, ನಿದ್ದೆ ಬರುತ್ತದೆ, ಮನಸ್ಸು ಹಗುರಾಗುತ್ತದೆ. ಎಲ್ಲ ನಿಜ. ಆ ಒಂದು ದಿನ ಒಂದೊಂದಾಗಿ ಎಲ್ಲವೂ ಅತ್ತೆಯ ಮೈಯಲ್ಲಿ ಆಗಿದ್ದನ್ನು ನಾನು ಹತ್ತಿರದಿಂದ ನೋಡಿದ್ದೆ.

ನೀರು ಹಾಕಿಸಿಕೊಂಡ ಅತ್ತೆ ಮಂಚದ ಕೋಣೆಗೆ ಹೋದರು. ಹೊಸ ಬುಟ್ಟಿಯಲ್ಲಿ ಸಾಂಬ್ರಾಣಿ ಹಾಕಿಸಿ ಕೂದಲು ಒಣಗಿಸಿಕೊಂಡರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಬೆಳ್ಳುಳ್ಳಿ ಹೆಚ್ಚಿಗೆ ಹಾಕಿದ ಮೆಣಸಿನ ಸಾರಿನಲ್ಲಿ ಬಿಸಿ ಅನ್ನ ಕಲಸಿ ಎರಡು ಸಲ ಬಡಿಸಿಕೊಂಡು ತಿಂದರು. “ಹಸಿವು ಹೇಗೆ ಕೆದಕುತ್ತೆ ನೋಡು ಈ ಎಣ್ಣೆನೀರು” ಎಂದು ತಾವೇ ಬೆರಗಾದರು. ಪರದೆ ಎಳೆಯಲು ಹೇಳಿ ಮಂಚದ ಮೇಲೆ ಮಲಗಿದವರು ಕಣ್ಣು ಮುಚ್ಚುವುದೇ ತಡ, ನಿದ್ದೆ ಹೋದರು.

ಬಟ್ಟಲಿನಲ್ಲಿ ಎಣ್ಣೆ ಮಿಕ್ಕಿತ್ತು. ನಾನು ಅದನ್ನು ಮತ್ತೆ ಬಿಸಿ ಮಾಡಿ ಪಡಸಾಲೆಗೆ ಒಯ್ದೆ.

“ಬೇಡ ಅಕ್ಕ, ಗೊತ್ತಾದ್ರೆ ನಿಮಗೂ ಬಯ್ತಾರೆ.”

“ಬೈಯಲಿ. ಕಾಲು ಚಾಚು.”

ಅವಳ ಪಾದ ತಣ್ಣಗಿತ್ತು, ಊದಿತ್ತು. ಒತ್ತಿದ ಕಡೆ ನನ್ನ ಬೆರಳಿನ ಗುಂಡಿ ಹಾಗೇ ಉಳಿಯುತ್ತಿತ್ತು. ಆ ಮುದುಕಿ ನನಗೆ ಮಾಡಿದ್ದನ್ನೂ, ಬೆಳಿಗ್ಗೆ ಆಯಾ ಮಾಡಿದ್ದನ್ನೂ ನೆನಪಿಸಿಕೊಂಡು ಹಿಮ್ಮಡಿಯಿಂದ ಮೇಲಕ್ಕೆ ತಳ್ಳಿದೆ. ಕಸೂತಿ ಹಾಕಿ ಬೆಳೆದ ಕೈ ನನ್ನದು, ಬೇಗ ಸೋತಿತು. ಬಿಟ್ಟು ಬಿಟ್ಟು ಮಾಡಿದೆ. ಹೊಟ್ಟೆಯ ಹತ್ತಿರ ಹೋಗಲಿಲ್ಲ. ಎದೆ ಮುಟ್ಟಲಿಲ್ಲ. ಅಲ್ಲಿ ಹಾಲು ಇಂಗಲೆಂದು ಆಸ್ಪತ್ರೆಯವರು ಹೇಳಿದ ಹಾಗೆ ಬಟ್ಟೆ ಬಿಗಿದು ಕಟ್ಟಿತ್ತು. ಒಂದು ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ಬಂದಾಗ ಅವಳೇ ಕೈ ಹಿಂದಕ್ಕೆ ತಂದು ಸೊಂಟದ ಎಲುಬು ತೋರಿಸಿದಳು.

“ಇಲ್ಲಿ ಅಕ್ಕ.”

“ಎಷ್ಟು ದಿನದಿಂದ ಇಲ್ಲಿ ನೋವು?”

“ಅವತ್ತಿಂದ.”

ಯಾರೂ ಕೇಳಿರಲಿಲ್ಲ. ಅವಳ ಗಂಡ, ನನ್ನ ಮೈದುನ, ಬೆಳಿಗ್ಗೆ ಹೋಗುವಾಗ ಒಂದು ಸಲ, ಸಂಜೆ ಬಂದಾಗ ಒಂದು ಸಲ ಪಡಸಾಲೆಯ ಬಾಗಿಲಲ್ಲಿ ಇಣುಕಿ “ಪರವಾಗಿಲ್ವಾ?” ಎನ್ನುತ್ತಿದ್ದ. ಅವಳು ಪರವಾಗಿಲ್ಲ ಎನ್ನುತ್ತಿದ್ದಳು.

ಎಲುಬಿನ ಮೇಲೆ ಅಂಗೈಯ ಬುಡ ಇಟ್ಟು ನನ್ನ ಭಾರ ಪೂರ್ತಿ ಬಿಟ್ಟೆ. ಅವಳ ಬಾಯಿಂದ ಉದ್ದವಾಗಿ ಉಸಿರು ಹೊರಟಿತು. ಕಿವಿಯ ತನಕ ಏರಿ ಕೂತಿದ್ದ ಭುಜ ಇಳಿಯಿತು. ಹಾಗೆ ಇಳಿದ ಮೇಲೆ ಅವಳು ಗೋಡೆ ನೋಡುತ್ತಲೇ ಕೇಳಿದಳು: “ಅದಕ್ಕೆ ಕೂದಲಿತ್ತಾ ಅಕ್ಕ? ನೀವು ನೋಡಿದ್ರಲ್ವಾ?”

ಅವಳಿಗೆ ತೋರಿಸಿರಲಿಲ್ಲ. ಎಚ್ಚರವಾಗುವ ಹೊತ್ತಿಗೆ ಮಾವನವರೂ ಮೈದುನನೂ ಒಯ್ದು ಮಣ್ಣು ಮಾಡಿ ಮುಗಿಸಿದ್ದರು. ನಾನು ಊಟದ ಕ್ಯಾರಿಯರ್ ಹಿಡಿದು ಹೋದವಳು, ಬಟ್ಟೆಯಲ್ಲಿ ಸುತ್ತುವ ಮೊದಲು ಒಂದು ಗಳಿಗೆ ನೋಡಿದ್ದೆ.

“ತುಂಬ ಇತ್ತು. ಕಿವಿ ಮುಚ್ಚೋ ಅಷ್ಟು” ಎಂದೆ.

“ನಮ್ಮಮ್ಮಂಗೂ ಹಾಗೇ ಇತ್ತು.”

ಆಗ ಹಾಲು ಇಳಿಯಿತು. ನಾನು ಎದೆಯನ್ನು ಮುಟ್ಟಿಯೇ ಇರಲಿಲ್ಲ. ಬಿಗಿದು ಹಿಡಿದಿದ್ದ ಮೈ ಸಡಿಲಾಗಿತ್ತು, ಬೆಚ್ಚಗಾಗಿತ್ತು, ಮಗುವಿನ ಮಾತು ಬಂದಿತ್ತು. ಅಷ್ಟೇ ಸಾಕಾಯಿತು. ಕಟ್ಟಿದ ಬಟ್ಟೆ ನೆನೆಯಿತು, ರವಿಕೆ ನೆನೆಯಿತು, ಚಾಪೆಯ ಮೇಲೆ ಒಂದು ಕಲೆ ನಿಧಾನಕ್ಕೆ ಅಗಲವಾಯಿತು. ಎಣ್ಣೆಯ ಘಾಟಿನ ಮೇಲೆ ಆ ಸಿಹಿ ವಾಸನೆ ಬೇರೆಯಾಗಿ ಎದ್ದು ಬಂತು. ನಾನು ಕೈ ತೆಗೆದೆ.

“ನಿಲ್ಲಿಸ್ಬೇಡಿ ಅಕ್ಕ” ಎಂದಳು.

ಮತ್ತೆ ಒತ್ತಿದೆ. ಅವಳು ಅಳಲಿಲ್ಲ. ಹಾಲು ಸುರಿಯುತ್ತಿರುವಾಗಲೇ ಬಾಯಿ ಅರೆ ತೆರೆದು ನಿದ್ದೆ ಹೋದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ. ಒಣ ಬಟ್ಟೆ ತರಲು ಏಳೋಣ ಎಂದುಕೊಂಡೆ. ಎದ್ದರೆ ಎಚ್ಚರವಾದೀತೆಂದು ಸೊಂಟದ ಮೇಲೆ ಕೈ ಇಟ್ಟುಕೊಂಡೇ ಕೂತೆ.

ಅತ್ತೆ ಬರುವುದು ಯಾವಾಗಲೂ ಮೊದಲೇ ತಿಳಿಯುತ್ತಿತ್ತು. ಒಂದು ಕಾಲು ಎಳೆಯುವ ಸದ್ದು, ಗೋಡೆಗೆ ಬಳೆ ತಾಗುವ ಸದ್ದು. ಮಧ್ಯಾಹ್ನ ಅವರು ಎದ್ದರೆ ನಾನು ಏನು ಮಾಡುತ್ತಿದ್ದರೂ ಸರಿಮಾಡಿಕೊಳ್ಳಲು ಸಮಯ ಸಿಗುತ್ತಿತ್ತು. ಆ ದಿನ ಯಾವ ಸದ್ದೂ ಬರಲಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದರು. ಮುಖ ನಿದ್ದೆಯಿಂದ ತೊಳೆದ ಹಾಗಿತ್ತು.

ಬಟ್ಟಲು ನೋಡಿದರು. ಚಾಪೆಯ ಮೇಲಿನ ಕಲೆ ನೋಡಿದರು. ಕೂಗಾಡುತ್ತಾರೆ ಎಂದು ನಾನು ಕಾದೆ.

“ಆಯ್ತಾ ಎಣ್ಣೆ?” ಎಂದರು.

“ಸ್ವಲ್ಪ ಕಾಲಿಗೆ ಅತ್ತೆ. ತುಂಬ ಊದಿತ್ತು.”

“ಒಳ್ಳೇದೇ ಆಯ್ತು. ಹಂಡೇಲಿ ನೀರು ಇನ್ನೂ ಬೆಚ್ಚಗಿದೆ, ಎಬ್ಬಿಸಿ ತಲೆಗೆ ಹಾಕ್ಬಿಡು. ಎಣ್ಣೆ ಆಯ್ತು, ನೀರಾಯ್ತು. ಬಾಣಂತನ ಮುಗೀತು.”

“ಮುಗೀತು ಅಂದ್ರೆ?”

“ಮುಗೀತು ಅಂದ್ರೆ ಮುಗೀತು. ಬಾಣಂತನ ಮಾಡ್ಲಿಲ್ಲ ಅಂತ ನಾಳೆ ಇವಳಪ್ಪ ಬಂದು ಅನ್ನೋ ಹಾಗಿಲ್ಲ. ಮಾಡಿದೀವಿ. ದೊಡ್ಡ ಸೊಸೆ ಕೈಯಾರೆ ಮಾಡಿದಾಳೆ. ನಾಳೆಯಿಂದ ಬಾಗಿಲಿಗೆ ನೀರು, ಪಾತ್ರೆ, ಬಟ್ಟೆ ಎಲ್ಲ ಮೊದಲಿನ ಥರ.”

“ಅತ್ತೆ, ಡಾಕ್ಟ್ರು ತಿಂಗಳು ಪೂರ್ತಿ ಮಲಗಬೇಕು ಅಂದಿದಾರೆ.”

“ಮಗು ಇರೋರು ಮಲಗ್ತಾರೆ. ಹಾಲು ಕೊಡೋದಿರುತ್ತೆ, ಎತ್ತೋದಿರುತ್ತೆ. ಇವಳು ಯಾರನ್ನ ಎತ್ಬೇಕು?” ಆಮೇಲೆ ನನ್ನ ಕಡೆ ನೋಡಿ ಮೆತ್ತಗಿನ ದನಿಯಲ್ಲೇ ಸೇರಿಸಿದರು: “ನಿನ್ನ ಇಂಗ್ಲಿಷ್ ಶಾಲೇಲಿ ಉಪಕಾರ ಮಾಡೋದು ಹೇಳ್ಕೊಟ್ರು. ಎಲ್ಲಿ ನಿಲ್ಲಿಸ್ಬೇಕು ಅಂತ ಹೇಳ್ಕೊಡ್ಲಿಲ್ಲ. ನೋಡು, ಹಾಲು ಬರಿಸಿಟ್ಟಿದೀಯ. ಈಗ ಅದನ್ನ ಯಾರಿಗೆ ಕುಡಿಸ್ತೀಯ?”

ಅಷ್ಟರಲ್ಲಿ ಓರಗಿತ್ತಿಗೆ ಎಚ್ಚರವಾಗಿತ್ತು. ಯಾವಾಗಿನಿಂದ ಕೇಳಿಸಿಕೊಳ್ಳುತ್ತಿದ್ದಳೋ. ಮೊಣಕೈ ಊರಿ ಎದ್ದು ಕೂತು, ನೆನೆದ ಸೆರಗನ್ನು ಎದೆಗೆ ಒತ್ತಿ ಹಿಡಿದು, “ಆಗ್ಲಿ ಅತ್ತೆ” ಎಂದಳು.

ನೀರು ನಾನೇ ಹಾಕಿದೆ. ಬೆನ್ನು ತೋರಿಸಿ ಕೂತಿದ್ದಳು. ಸೀಗೆಪುಡಿಯ ನೊರೆಯ ಜೊತೆ ಹಾಲೂ ಎಣ್ಣೆಯೂ ಬಚ್ಚಲ ಮೋರಿಗೆ ಹರಿದುಹೋದವು. ಸಾಂಬ್ರಾಣಿ ಹಾಕುವುದಕ್ಕೆ ಬುಟ್ಟಿ ಕೇಳಿದಾಗ ಅತ್ತೆ, “ಬಿಸಿಲಿದೆಯಲ್ಲ, ಬಾಗಿಲಲ್ಲಿ ಕೂತು ಒಣಗಿಸ್ಕೊಳ್ಳಲಿ” ಎಂದರು. ಬಿಸಿಲು ಅಷ್ಟರಲ್ಲಿ ಎದುರು ಮನೆಯ ಮಹಡಿಯ ಮೇಲಕ್ಕೆ ಹೋಗಿತ್ತು. ಗಲ್ಲಿಯಲ್ಲಿ ನೆರಳೇ. ಬಾಗಿಲಲ್ಲಿ ಕೂರುವುದು ಹೇಗೂ ಕೂತಿರುತ್ತಾಳೆ ಎಂದು ನೆನೆಹಾಕಿದ ಅವರೆಕಾಳಿನ ಪಾತ್ರೆಯನ್ನು ಅವಳ ಮುಂದೆ ಇಟ್ಟರು. “ಹಿತಕು. ಕೂತ್ಕೊಂಡು ಮಾಡೋ ಕೆಲಸ ತಾನೇ.”

ಅವಳು ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತುತ್ತಿದ್ದಳು. ಸಿಪ್ಪೆ ಬೆರಳಿನಲ್ಲಿ ಉಳಿದು ಬೇಳೆ ಜಾರಿ ಪಾತ್ರೆಗೆ ಬೀಳುತ್ತಿತ್ತು. ಒದ್ದೆ ಕೂದಲು ಬೆನ್ನಿನ ಮೇಲೆ ಹರಡಿಕೊಂಡಿತ್ತು. ನಾನು ಒಂದು ಟವೆಲ್ ತಂದು ಹೊದಿಸಿ ಪಕ್ಕದಲ್ಲೇ ಹಿತಕಲು ಕೂತೆ.

ಮೈದುನ ಕೆಲಸದಿಂದ ಬಂದು, ಮೋಟರ್ ಸೈಕಲ್ಲನ್ನು ಗೋಡೆಗೆ ಒರಗಿಸಿ, ಹೆಂಡತಿ ಹೊರಗೆ ಕೂತಿರುವುದನ್ನು ಕಂಡು ನಿಂತ. ಅತ್ತೆ ಒಳಗಿನಿಂದಲೇ ಹೇಳಿದರು: “ಇವತ್ತು ಎಣ್ಣೆನೀರು ಆಯ್ತು ಕಣೋ ಅವಳಿಗೆ. ಎಲ್ಲ ಸರಿಹೋಯ್ತು. ನಾಳೆಯಿಂದ ಎದ್ದು ಓಡಾಡ್ತಾಳೆ.”

“ಸದ್ಯ” ಎಂದ ಅವನು. ನಿಜವಾಗಿಯೂ ಹಗುರಾದವನ ಹಾಗೆ ಹೆಂಡತಿಯ ತಲೆ ಮುಟ್ಟಿ, ಚಪ್ಪಲಿ ಬಿಟ್ಟು ಒಳಗೆ ಹೋದ. ಅವಳು ಕಾಳು ಹಿತಕುವುದನ್ನು ನಿಲ್ಲಿಸಲಿಲ್ಲ. ಟವೆಲ್ಲಿನ ಅಡಿಯಲ್ಲಿ ರವಿಕೆಯ ಮುಂಭಾಗ ಮತ್ತೆ ನೆನೆಯತೊಡಗಿತ್ತು. ಅದನ್ನು ಮರೆಮಾಡಲು ಪಾತ್ರೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಬಗ್ಗಿದಳು.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಹೊರಗೆ ಬಂದರು. ಗೋಡೆ ಹಿಡಿಯದೆ, ನಮ್ಮಿಬ್ಬರ ನಡುವೆ ಕಾಲಿಟ್ಟು, ಮೂರೂ ಮೆಟ್ಟಿಲನ್ನು ಸಲೀಸಾಗಿ ಇಳಿದು ಗಲ್ಲಿಯಲ್ಲಿ ನಿಂತರು. ಎದುರು ಮನೆಯಾಕೆ ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದರು. ಕೈಯಲ್ಲಿದ್ದ ಸೀರೆಯನ್ನು ಅರ್ಧ ಮಡಚಿ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು. ನಮ್ಮ ಕಡೆ ಅವರ ಗಮನವೇ ಇರಲಿಲ್ಲ.

“ಏನ್ರೀ ಇದು, ಒಂದೇ ದಿನಕ್ಕೆ ಮುಖದಲ್ಲಿ ಬಾಣಂತಿ ಕಳೆ ಬಂದ್ಬಿಟ್ಟಿದೆ” ಎಂದು ಹೇಳಿ, ಮಿಕ್ಕ ಅರ್ಧವನ್ನೂ ಮಡಚಿ ಹೆಗಲ ಮೇಲೆ ಹಾಕಿಕೊಂಡರು.